ಆನೆಗೂ ಈಜು ಬರುತ್ತದೆ

ಆಲ್ದೂರು
೧೭ ನವೆಂಬರ್ ೨೦೨೪, ಭಾನುವಾರ

ಮುದ್ದು ದಿವ್ಯಾ,

ಅಮ್ಮನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಆರಾಮು ಎಂದು ಬರೆದೇ ಮುಂದಿನ ಮಾತಿಗೆ ಹೋಗುವುದು ನನ್ನ ರೂಢಿ. ಈ ಸಲ ಆ ಸಾಲು ಬರೆಯಲು ಕೈ ಏಳಲಿಲ್ಲ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಸಿಟ್ಟಾಗಬೇಡ. ನಾನು ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕಕ್ಕೇ ಬಂದು ಕೂರುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂತು, ಓಡಲು ಹೋಗಿ ಕಾಲು ಉಳುಕಿತು ಎಂದು ಅವರು ನಿನಗೆ ಹೇಳಿದ್ದಾರಲ್ಲ, ಅದು ನಾಯಿಯಲ್ಲ.

ಮೊದಲಿಂದಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಕಡೂರಿನ ಮನೆ ಖಾಲಿ ಮಾಡಿ ಬಂದಾಗ ನಿಮ್ಮಪ್ಪನಿಗೆ ಮಲ್ಲಿಕಾರ್ಜುನಪ್ಪನವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿದ ಸಂತೋಷ. ನನಗೆ ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಪಕ್ಕದ ಎಸ್ಟೇಟಿನಲ್ಲಿ ಸೌದೆಗೆ ಹೋದ ಹೆಂಗಸೊಬ್ಬಳನ್ನು ಕಾಡಾನೆ ತುಳಿದುಹಾಕಿತು. ಆಮೇಲೆ ದಿನವೂ ಅರಣ್ಯ ಇಲಾಖೆಯವರಿಂದ ಫೋನಿಗೆ ಸಂದೇಶ. ಇವತ್ತು ಆ ತೋಟದಲ್ಲಿವೆ, ಇವತ್ತು ಈ ರಸ್ತೆ ದಾಟಿವೆ, ಯಾರೂ ಒಬ್ಬರೇ ಓಡಾಡಬೇಡಿ. ನಾನು ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಿದ್ದೆ. ಬಟ್ಟೆ ಒಣಹಾಕಲು ಅಂಗಳಕ್ಕಿಳಿದರೆ ಕಾಫಿ ಗಿಡ ಅಲ್ಲಾಡಿದ ಹಾಗಾಗುತ್ತಿತ್ತು. ನಿನ್ನ ಹತ್ತಿರ ಮಾತ್ರ, ಇಲ್ಲಿ ಎಷ್ಟು ತಂಪು ಗೊತ್ತಾ, ಅನ್ನುತ್ತಿದ್ದೆ.

ಒಂದು ದಿನ ಯಜಮಾನರ ಸೊಸೆ ತನುಜಾ ಅವರ ಮನೆಗೆ ಹೋಗಿದ್ದೆ. ಶೆಡ್ಡಿನಲ್ಲಿ ಕೆಂಪು ಬಣ್ಣದ ಫೈಬರ್ ದೋಣಿಯೊಂದು ಬೋರಲು ಬಿದ್ದಿತ್ತು. ಹೋಂಸ್ಟೇಗೆ ಬರುವವರಿಗೆಂದು ತರಿಸಿದ್ದರಂತೆ. ಆನೆ ಹೆದರಿಕೆಗೆ ಹೋಂಸ್ಟೇಯೇ ಮುಚ್ಚಿತು. ನಾನು ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆನಂತೆ. ಬೇಕಾದರೆ ತೋಟದ ಕೆರೆಗೆ ಇಳಿಸಿಕೊಳ್ಳಿ ರುದ್ರಾಣಿ ಅಂದರು.

ನಿನಗೆ ಗೊತ್ತಲ್ಲ, ನಾನು ಶರಾವತಿ ಹಿನ್ನೀರಿನ ಆಚೆ ದಡದವಳು. ಶಾಲೆಗೆ ಹೋಗಬೇಕೆಂದರೂ ಹುಟ್ಟು ಹಾಕಿಕೊಂಡೇ ಹೋಗಬೇಕಿತ್ತು. ಮದುವೆಯಾಗಿ ಕಡೂರಿಗೆ ಬಂದ ಮೇಲೆ ಅದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ದೋಣಿಯಲ್ಲಿ ಕೂತು ಮೊದಲ ಸಲ ನೀರನ್ನು ಹಿಂದಕ್ಕೆ ತಳ್ಳಿದಾಗ ಭುಜ ನೋಯಿತು, ಆದರೆ ಕೈಗೆ ಎಲ್ಲ ನೆನಪಿತ್ತು. ಕೆರೆಯ ನಡುವೆ ಹೋಗಿ ನಿಂತೆ. ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ನನ್ನ ಬೆನ್ನ ಹಿಂದೆ ಯಾವ ಗಿಡವೂ ಇರಲಿಲ್ಲ. ಇಲ್ಲಿಗೆ ಆನೆ ಬರಲಾರದು ಅನ್ನಿಸಿ, ಕೂತಲ್ಲೇ ಅತ್ತುಬಿಟ್ಟೆ.

ಆಮೇಲೆ ನನಗೆ ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೋ. ಆಲ್ದೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಸಫ್ದರ್ ನಿಮ್ಮಪ್ಪನಿಗೆ ಪರಿಚಯ. ಭಾನುವಾರ ಅವನ ಪಿಕಪ್ಪಿಗೆ ದೋಣಿ ಹೇರಿ ಹೊಸ ನೀರು ಹುಡುಕುತ್ತಿದ್ದೆವು. ಅವನ ಹೆಂಡತಿ ಮಹಮೂದಾ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಮೂಡಿಗೆರೆ ಕಡೆ ಹೇಮಾವತಿಯಲ್ಲಿ ಬರೀ ಬಂಡೆ. ಸಂಸೆಯ ಹತ್ತಿರ ಭದ್ರೆ ನೋಡಲು ಚಂದ, ಇಳಿದರೆ ಸೆಳೆತ. ಮೇಲೆ ಬೆಟ್ಟದಲ್ಲಿ ಮಳೆ ಬಂದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆ ಎಂದು ಅಲ್ಲಿನವರು ಗದರಿದರು. ಕೊನೆಗೆ ನಮ್ಮ ಕೆರೆಯೇ ವಾಸಿ ಎಂದು ವಾಪಸ್ ಬಂದೆವು. ದಡದಲ್ಲಿ ಕೂತು ನೋಡಿ ನೋಡಿ ಮಹಮೂದಾಗೂ ಆಸೆ ಬಂತು. ಅಕ್ಕಾ, ನನ್ನನ್ನೂ ಒಂದು ಸಲ ಕೂರಿಸಿ ಅಂದಳು. ಅವಳಿಗೆ ಈಜು ಬರುವುದಿಲ್ಲ.

ದೀಪಾವಳಿ ಕಳೆದ ಮೇಲಿನ ವಾರ, ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿಕೊಂಡು ಹೊರಟೆ. ನೀರಿಗೆ ಬಿದ್ದೀತು ಎಂದು ಫೋನ್ ಮನೆಯಲ್ಲೇ ಬಿಟ್ಟಿದ್ದೆ. ಮಂಜು ದಟ್ಟವಾಗಿತ್ತು. ಕೆರೆಯ ನಡುವೆ ಇದ್ದಾಗ ತೋಟದೊಳಗೆ ಕೊಂಬೆ ಮುರಿಯುವ ಸದ್ದು. ಕಾಫಿ ಹಣ್ಣು ಕುಯ್ಯಲು ಆಳುಗಳು ಬಂದರಾ ಎಂದು ಮಹಮೂದಾ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ವಾಸನೆ ಬಂತು, ಹಸಿ ಸಗಣಿ ಮತ್ತು ಕೆಸರು ಕಲೆಸಿದಂಥದ್ದು.

ಮಂಜಿನಿಂದ ಎರಡು ಹೆಣ್ಣಾನೆ, ನಡುವೆ ಒಂದು ಮರಿ ಹೊರಗೆ ಬಂದವು. ನೀರು ಕುಡಿದು ಹೋಗುತ್ತವೆ ಅಂದುಕೊಂಡೆ. ಅವು ಕುಡಿದು ನೀರಿಗಿಳಿದವು. ಇಳಿದವು, ಇನ್ನೂ ಇಳಿದವು, ಆಮೇಲೆ ತಲೆ ಮತ್ತು ಸೊಂಡಿಲು ಮಾತ್ರ ಕಾಣುತ್ತಿದ್ದವು. ಆನೆಗೆ ಈಜು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ದಿವ್ಯಾ. ಅವು ನಮ್ಮ ಪಕ್ಕದಲ್ಲೇ ದಾಟಿದವು, ಉಸಿರು ಬುಸ್ಸೆನ್ನುವುದು ಕೇಳುವಷ್ಟು ಹತ್ತಿರ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಹಾಗೆ ಕೂತೆ. ಮಹಮೂದಾಳ ಬೆನ್ನು ನಡುಗುತ್ತಿತ್ತು, ಅದಕ್ಕೆ ದೋಣಿಯೂ ನಡುಗುತ್ತಿತ್ತು.

ಅವು ಆಚೆ ದಡ ಹತ್ತಿದವು. ಉಸಿರು ಬಿಡಬೇಕು, ಅಷ್ಟರಲ್ಲಿ ಹಿಂದೆ ದಂತದ ಸಲಗ. ನಮ್ಮ ಮನೆಯಿಂದ ಕೆರೆಗೆ ಬರುವ ದಾರಿಯಲ್ಲೇ ನಿಂತಿತ್ತು. ಅದೇ ದಾರಿಯ ಮೇಲಿಂದ ನಿಮ್ಮಪ್ಪನ ದನಿ ಕೇಳಿತು. ರುದ್ರಾಣಿ, ಎಲ್ಲಿದ್ದೀಯ ಮಾರಾಯ್ತಿ, ಎಂದು ಕರೆಯುತ್ತಾ ಬರುತ್ತಿದ್ದರು. ಫೋನಿಗೆ ಸಂದೇಶ ಬಂದದ್ದನ್ನು ನೋಡಿ ನನ್ನನ್ನು ಹುಡುಕಿಕೊಂಡು ಹೊರಟಿದ್ದರು. ಗಿಡಗಳ ಮರೆಯಿಂದ ಬರುತ್ತಿದ್ದ ಅವರಿಗೆ ಆ ಮಂಜಿನಲ್ಲಿ ಅದು ಕಾಣುವಂತಿರಲಿಲ್ಲ. ಅದು ಕಿವಿ ನಿಗುರಿಸಿ ಅವರ ಕಡೆ ತಿರುಗಿತು.

ಸುಮ್ಮನಿದ್ದರೆ ನಾವಿಬ್ಬರೂ ಉಳಿಯುತ್ತಿದ್ದೆವು. ಮುಂದೆ ಕೂತಿದ್ದ ಮಹಮೂದಾ ತಿರುಗಿ ನನ್ನ ಮುಖ ನೋಡಿದಳು. ದೋಣಿಗೆ ಹೊಡೀರಿ ಅಕ್ಕಾ, ಸದ್ದಾಗಲಿ ಅಂದಳು. ಅದನ್ನು ನಾನು ಸಾಯುವವರೆಗೂ ಮರೆಯಲಾರೆ. ಹುಟ್ಟಿನಿಂದ ದೋಣಿಯ ಅಂಚಿಗೆ ಬಡಿದೆ. ಹಿಂದಕ್ಕೆ ಹೋಗಿ, ಆನೆ ಇದೆ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಸಲಗ ಅವರನ್ನು ಬಿಟ್ಟು ನೀರಿಗೆ ನುಗ್ಗಿತು.

ಕೆರೆ ಏರಿಯ ಕಡೆ ದೋಣಿ ತಿರುಗಿಸಿದೆ. ಮಹಮೂದಾ ಎರಡೂ ಅಂಗೈಯಲ್ಲಿ ನೀರು ತೋಡಿ ಹಿಂದಕ್ಕೆ ತಳ್ಳುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತು. ಬೆನ್ನ ಹಿಂದೆ ಆ ಉಸಿರು ಹತ್ತಿರವಾಗುತ್ತಲೇ ಇತ್ತು. ದೋಣಿ ಏರಿಯ ಕಲ್ಲಿಗೆ ಹೊಡೆಯಿತು. ನೀರಿಗಿಳಿದು ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಏರಿಯ ಮೇಲಿನ ಪಂಪ್‌ಹೌಸ್ ಸೇರಿ ಬಾಗಿಲು ಹಾಕಿದೆ. ಕಿಟಕಿಯ ಸರಳಿನಿಂದ ನೋಡಿದರೆ ಸಲಗ ದೋಣಿಯನ್ನು ಸೊಂಡಿಲಿನಿಂದ ಮಗುಚಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಮರಿ ಹೋದ ದಿಕ್ಕಿಗೆ ಹೋಯಿತು.

ನಿಮ್ಮಪ್ಪ ಓಡುವಾಗ ಗುಂಡಿಗೆ ಬಿದ್ದು ಕಾಲು ತಿರುಚಿಕೊಂಡು ಅಲ್ಲೇ ಬಿದ್ದಿದ್ದರು. ನನ್ನ ಕೂಗು ಕೇಳಿತಂತೆ, ಆಮೇಲೆ ನಿಂತುಹೋಯಿತಂತೆ. ನಾನು ಹೋಗಿ ಮುಟ್ಟಿ ಎಬ್ಬಿಸುವವರೆಗೂ ಅವರು ಏಳಲು ಪ್ರಯತ್ನವನ್ನೇ ಮಾಡಿರಲಿಲ್ಲ. ಎದ್ದು ಕೂತರು. ನನ್ನ ಸೆರಗಿನಿಂದ ನೀರು ಹಿಂಡಿ, ಹಿಂಡಿ, ಹಿಂಡುತ್ತಲೇ ಇದ್ದರು.

ಈಗ ಅವರ ಕಾಲು ಪರವಾಗಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹೋಗುವಾಗ, ನಾನು ಕಾಣುವ ತನಕ ಬಾಗಿಲಲ್ಲೇ ನಿಂತಿರು ಅನ್ನುತ್ತಾರೆ. ನನಗೂ ಕಣ್ಣು ಮುಚ್ಚಿದರೆ ಆ ಉಸಿರು ಕೇಳುತ್ತದೆ. ಮಹಮೂದಾಗೆ ಒಂದು ವಾರ ಜ್ವರ ಬಂದಿತ್ತು. ಸಫ್ದರ್ ನನ್ನ ಮೇಲೆ ಸಿಟ್ಟಾಗಿರುತ್ತಾನೆ ಎಂದು ಹೆದರುತ್ತಲೇ ನೋಡಲು ಹೋದೆ. ಅವನು ಕೂತ್ಕೊಳ್ಳಿ ಅಕ್ಕಾ ಅಂತ ಕುರ್ಚಿ ಹಾಕಿ, ಅತ್ತ ತಿರುಗಿ ಕಣ್ಣು ಒರೆಸಿಕೊಂಡ. ದೋಣಿಯನ್ನು ಕೆರೆಯಿಂದ ಎತ್ತಿಸಿದ್ದೇವೆ. ಇನ್ನು ಆ ಕೆರೆಗೆ ಇಳಿಯುವುದಿಲ್ಲ, ಆಣೆ.

ನೀನು ರಜೆಗೆ ಬರುವಾಗ ಹಗಲು ಬಸ್ಸಿಗೇ ಬಾ. ಬಸ್‌ಸ್ಟ್ಯಾಂಡಿಗೆ ಸಫ್ದರ್ ಗಾಡಿ ಕಳಿಸುತ್ತಾನೆ. ಅಪ್ಪ ನಾಯಿ ವಿಷಯ ಎತ್ತಿದರೆ ಹೌದೇನಪ್ಪಾ ಅನ್ನು, ಅಷ್ಟೇ.

ನಿನ್ನನ್ನು ನೋಡಬೇಕು ಅನ್ನಿಸುತ್ತಿರುವ
ಅಮ್ಮ, ರುದ್ರಾಣಿ

ಮರೆತಿದ್ದೆ: ಇವತ್ತು ಬೆಳಿಗ್ಗೆ ಬಾಳೆಹೊನ್ನೂರಿನ ಕೆಳಗೆ ಭದ್ರೆ ನಿಧಾನವಾಗಿ ಹರಿಯುವ ಜಾಗವೊಂದು ಸಿಕ್ಕಿತು. ದೋಣಿಯಲ್ಲಿ ನನ್ನ ಮುಂದೆ ಕೂತಿದ್ದವರು ನಿಮ್ಮಪ್ಪ. ಎರಡೂ ಕೈಯಲ್ಲಿ ಅಂಚು ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮನೆಯಲ್ಲಿ ಒಬ್ಬರೇ ಇರಲು ಹೆದರಿಕೆಯಾಗಿ ಬಂದದ್ದು ಎಂದು ನಿನಗೆ ಹೇಳಬಾರದಂತೆ.