ಬಂದ್ ಅಂದರೆ ಎರಡು ದಿನ

ನಾರಾಯಣಪೇಟೆ
ಫೆಬ್ರವರಿ 17, 2011, ಗುರುವಾರ

ಹಾಲು ಬಂತು, ಪೇಪರ್ ಬರಲಿಲ್ಲ. ಇಂದಿನಿಂದ ಸರ್ಕಾರಿ ನೌಕರರ ಅಸಹಕಾರ. ಕಚೇರಿ ಮುಂದೆ ಶಾಮಿಯಾನ, ಮೈಕು, ಜೈ ತೆಲಂಗಾಣ. ಬಂದೋಬಸ್ತಿಗೆ ಬಂದ ಪೊಲೀಸರೂ ಅವರ ಜೊತೆಗೇ ಕೂತು ಚಹಾ ಕುಡಿಯುತ್ತಿದ್ದರು.

ವಿನಯನಿಗೆ ಮೇಲಿನ ಹಲ್ಲು ಬರುತ್ತಿದೆ. ರಾತ್ರಿಯಿಡೀ ಚೀರಾಟ. ನನಗೆ ನಿದ್ದೆ ಅಂದರೆ ಈಗ ಕೂತಲ್ಲೇ ಕಣ್ಣು ಮುಚ್ಚುವುದು, ಅಷ್ಟೆ.

ಮಧ್ಯಾಹ್ನ ಲಿಬಿಯಾದಿಂದ ಇವರ ಫೋನ್. ಯಾವಾಗಲೂ ಶುಕ್ರವಾರ ಮಾಡುವವರು, ಅಂದೇ ಅವರಿಗೆ ರಜೆ. "ಏನಾತು ರೀ?" ಅಂದೆ.

"ಏನಿಲ್ಲ ಮಾರಾಯ್ತಿ, ಇಲ್ಲೂ ಬಂದ್ ಐತಿ. ಬೆಂಗಾಜಿ ಪೂರಾ ಬಂದ್. ನಮ್ಮ ಸೈಟೂ ಬಂದ್."

"ಅವ್ರೂ ತೆಲಂಗಾಣ ಕೇಳಾಕತ್ಯಾರೇನು?"

"ಸರ್ಕಾರ ಬೀಳ್ಲಿ ಅಂತಾರ."

"ನಾವೂ ದಿನಾ ಅದನ್ನ ಅಂತೀವಿ."

ಇಬ್ಬರೂ ನಕ್ಕೆವು. ಆಮೇಲೆ ಹೇಳಿದರು — ನಾಳೆ ಕಂಪನಿಯ ಬಸ್ಸೊಂದು ಈಜಿಪ್ಟಿನ ಗಡಿಗೆ ಹೋಗುತ್ತದಂತೆ. ಬೇಕಾದವರು ಹತ್ತಬಹುದು. ಹತ್ತಿದವರ ಕೆಲಸ ಹೋದಂತೆಯೇ. "ಬರ್ಲೇನು?" ಅಂದರು.

ಯೋಚನೆ ಮಾಡಲೇ ಇಲ್ಲ ನಾನು. ವರ್ಷದ ಮೇಲಾಯಿತು, ಬಂದ್‌ನಲ್ಲೇ ಬದುಕುತ್ತಿದ್ದೇವೆ. "ಬಂದ್ ಅಂದ್ರ ಎರಡು ದಿನ ರೀ. ಬಕೀಟಿಗೆ ನೀರು ತುಂಬ್ಸಿಡ್ರಿ. ಫೋನ್ ಚಾರ್ಜ್ ಮಾಡಿಟ್ಕೋರಿ. ಅಕ್ಕಿ ಬ್ಯಾಳಿ ಮುಂಜಾನೆನ ತಂದಿಡ್ರಿ. ಸರ್ಕಲ್ ಕಡೆ ಸುಳೀಬ್ಯಾಡ್ರಿ. ಸಂಜೀಕ ಅರ್ಧ ಶಟರ್ ಎತ್ತೇ ಎತ್ತತಾರ."

"ಆತು ಟೀಚರಮ್ಮ," ಅಂದರು. ಮಗನ ಕಿವಿಗೆ ಫೋನ್ ಹಿಡಿ ಅಂದರು. ಹಿಡಿದೆ. ಅವನು ಫೋನನ್ನೇ ಕಚ್ಚಿದ. ಅವನು ಹುಟ್ಟುವ ಮೊದಲೇ ಹೋದವರು — ಇನ್ನೂ ಮುಖ ನೋಡಿಲ್ಲ.

ಅತ್ತೆಗೆ ಹೇಳಿದೆ. "ಚೊಲೋ ಹೇಳಿದಿ. ಗಂಡ್ಸು ಗಾಬ್ರಿ ಬಿದ್ದು ಓಡಿ ಬಂದ್ರ ಮಂದಿ ನಗತಾರ," ಅಂದರು.

ಫೆಬ್ರವರಿ 19

ನಿನ್ನೆ ಶುಕ್ರವಾರ. ಫೋನಿಲ್ಲ. ನಾನೇ ಮಾಡಿದೆ. ಹೆಣ್ಣಿನ ದನಿ, ಅರಬ್ಬಿಯಲ್ಲಿ ಏನೋ ಹೇಳುತ್ತದೆ. ಮತ್ತೆ ಮಾಡಿದೆ, ಅದೇ ದನಿ. ಸಿಟ್ಟೂ ಇಲ್ಲ, ಅವಸರವೂ ಇಲ್ಲ ಅದಕ್ಕೆ.

ಎರಡು ದಿನ ಆಯಿತು.

ಫೆಬ್ರವರಿ 20

ಟಿವಿಯಲ್ಲಿ ದಿನವಿಡೀ ನಮ್ಮ ಅಸೆಂಬ್ಲಿ ಗಲಾಟೆ. ಕೆಳಗೆ ಓಡುವ ಸಾಲಿನಲ್ಲಿ ಮಾತ್ರ — ಲಿಬಿಯಾ, ಬೆಂಗಾಜಿ, ಗುಂಡು. ಪೂರ್ತಿ ಓದುವುದರೊಳಗೆ ಸಾಲು ದಾಟಿ ಹೋಗುತ್ತದೆ. ಮತ್ತೆ ಬರಲಿ ಅಂತ ಕಾದೆ. ಬಂಗಾರದಂಗಡಿ, ಕಡ್ಲಿಹಿಟ್ಟು, ಸಾಬೂನಿನ ಜಾಹೀರಾತು. ಮತ್ತೆ ಬಂದಾಗ ಸತ್ತವರ ಅಂಕಿ ಬದಲಾಗಿತ್ತು.

ಅತ್ತೆ, "ಅದೇನು ಓದಾಕತ್ತಿ?" ಅಂದರು. "ಬಂಗಾರದ ರೇಟು," ಅಂದೆ.

ಫೆಬ್ರವರಿ 21

ಉರುಕುಂದಮ್ಮನ ಫೋನ್. ಗದ್ವಾಲದ ಹತ್ತಿರದ ಗಟ್ಟುವಿನವಳು. ಅವಳ ಗಂಡ ಕುರುಮಯ್ಯ ಇವರ ರೂಮಿನಲ್ಲೇ ಇರುವ ಮೇಸ್ತ್ರಿ. ಒಬ್ಬರನ್ನೊಬ್ಬರು ನೋಡಿಲ್ಲ ನಾವು. ಫೋನಿನ ಗೆಳೆತನ.

"ಅಕ್ಕಾ, ನಿನ್ನ ಹೊಟ್ಟಿ ತಣ್ಣಗಿರ್ಲಿ. ನಿನ್ನ ಮಾತಿಗೆ ನಮ್ಮಾಂವನೂ ಬಸ್ ಹತ್ಲಿಲ್ಲಂತ. ನಿಮ್ಮ ಮನ್ಯಾಗಿನ ಅಣ್ಣನ್ನ ಬಿಟ್ಟು ಇನ್ನಾ ಏಳು ಮಂದಿ ನಿಂತಾರ. ಓದಿದಾಕಿ ಹೇಳ್ಯಾಳ, ಎರಡು ದಿನ ಅಂತ! ಎಲ್ಲಾರ ಕೆಲಸ ಉಳಸಿದಿ ತಾಯಿ."

"ಯಾವಾಗ ಮಾತಾಡಿದ್ರು?"

"ಶುಕ್ರವಾರ ಮುಂಜಾನೆ. ಆಮ್ಯಾಲ ಸಿಗವಲ್ಲದು. ಅಲ್ಲೂ ಟವರ್ ಬಂದ್ ಮಾಡಿರಬೇಕೇನಕ್ಕ?"

"ಹೂಂ, ಟವರ್ ಬಂದ್," ಅಂದೆ.

ಏಳು ಮಂದಿ. ನನಗೆ ಅವರ ಹೆಸರೂ ಗೊತ್ತಿಲ್ಲ.

ಫೆಬ್ರವರಿ 22

ಇವತ್ತು ನಮ್ಮಲ್ಲಿ ನಿಜವಾದ ಬಂದ್. ನಾಳೆಯೂ. ಮೇನ್ ರೋಡಿನಲ್ಲಿ ಹುಡುಗರ ಕ್ರಿಕೆಟ್. ಬಾಲು ಪೊಲೀಸ್ ಜೀಪಿನ ಕೆಳಗೆ ಹೋಯಿತು, ಕಾನ್‌ಸ್ಟೇಬಲ್ ಬಗ್ಗಿ ತೆಗೆದುಕೊಟ್ಟ. ಸಂಜೆ ಅರ್ಧ ಶಟರ್ ಎತ್ತಿದರು. ಬಗ್ಗಿ ಒಳಗೆ ಹೋಗಿ ಬಿಸ್ಕತ್ತು ತಂದೆ.

ಬಗ್ಗಿದಲ್ಲೇ ಅನ್ನಿಸಿತು. ಇಲ್ಲಿ ಮುಚ್ಚು ಅನ್ನುವವರೊಬ್ಬರಿದ್ದಾರೆ, ತೆಗೆ ಅನ್ನುವವರೂ ಇದ್ದಾರೆ. ನಾವು ದಿನಾ ಬೀಳಲಿ ಅನ್ನುವ ಸರ್ಕಾರ ಎಲ್ಲೂ ಹೋಗಿಲ್ಲ. ಶಾಮಿಯಾನದ ಪಕ್ಕದಲ್ಲೇ ನಿಂತು ಬಾಲು ಎತ್ತಿಕೊಡುತ್ತಿದೆ. ಅಲ್ಲಿ ಠಾಣೆಗಳಿಗೇ ಬೆಂಕಿ ಬಿದ್ದಿದೆಯಂತೆ.

ಎರಡಕ್ಕೂ ಒಂದೇ ಹೆಸರು ಕೊಟ್ಟೆವಲ್ಲ.

ಫೆಬ್ರವರಿ 24

ಪಕ್ಕದ ಮನೆಯ ವೀರಬಸಮ್ಮಜ್ಜಿ ವಿನಯನಿಗೆ ಎಣ್ಣೆ ಹಚ್ಚಲು ಬಂದಿದ್ದರು. ಎಂಬತ್ತು ದಾಟಿದೆ, ಕೈ ಇನ್ನೂ ಗಟ್ಟಿ. ಇವರ ಸುದ್ದಿ ಕೇಳಿದರು. ಹೇಳಿದೆ — ಅಲ್ಲಿಯ ಸರ್ಕಾರ ಆ ಊರಿನಿಂದ ಓಡಿಹೋಗಿದೆ ಅಂತಾರೆ.

"ಹೊಸಾದು ಬಂತೇನು?"

"ಇನ್ನಾ ಇಲ್ಲಜ್ಜಿ."

ಕೈ ನಿಲ್ಲಿಸಿದರು. "ಪೊಲೀಸ್ ಆಕ್ಷನ್ ಆದಾಗ ನಾ ನಿನ್ನಕಿಂತಾ ಸಣ್ಣಾಕಿ. ನಿಜಾಮನ ಮಂದಿ ಇದ್ದಾಗ ಹೆದ್ರಿಕಿ ಇತ್ತು, ಖರೆ. ಇಂಡಿಯಾದವ್ರು ಬಂದ ಮ್ಯಾಲೂ ಇತ್ತು. ಆದ್ರ ಇವ್ರು ಹೋಗಿ ಅವ್ರು ಬರೂತನ ನಡಕ ನಾಕು ದಿನ ಇತ್ತು ನೋಡು... ನಮ್ಮ ಠಾಣೇದ ಅಮೀನ ಟೊಪಗಿ ತಗದು ನಮ್ಮ ಕಣಕಿ ಬಣವಿಯಾಗ ಅಡಗಿದ್ದ. ಅಮೀನನ ಅಡಗಿದ ಮ್ಯಾಲ ನಾವು ಯಾರ ಹಂತ್ಯಾಕ ಹೋಗೂಣು? ಆದದ್ದೆಲ್ಲಾ ಆ ನಡುವಿನ ದಿನದಾಗನ ಆತು."

ಎಣ್ಣೆ ಬಟ್ಟಲು ಎತ್ತಿಟ್ಟು, "ಹುಡುಗನ ಮೈ ಬಿಸಿ ಐತಿ ನೋಡು," ಅಂದು ಹೋದರು.

ಫೆಬ್ರವರಿ 26, ಸಂಜೆ 5

ಇವರು ಮಾತಾಡಿದರು! ಯಾರದೋ ಫೋನ್. ಎರಡು ನಿಮಿಷವೂ ಇಲ್ಲ. ಮರೆಯುವ ಮೊದಲು ಬರೆದಿಡುತ್ತೇನೆ.

ಕ್ಯಾಂಪಿನ ಗೇಟ್ ಕಾವಲುಗಾರರು ಹೋದರು. ಮಿಲಿಟರಿಯವರೂ ಹೋದರು, ಬಟ್ಟೆ ದಾರಿಯಲ್ಲೇ ಬಿಸಾಡಿ. ಜೈಲಿನ ಬಾಗಿಲು ತೆರೆದಿದೆ. ಬಂದೂಕು ಯಾರ ಕೈಯಲ್ಲಿ ಬೇಕಾದರೂ. ಜನರೇಟರ್, ಗಾಡಿ, ಹಾಸಿಗೆ ಎಲ್ಲ ಹೊತ್ತೊಯ್ದರು. "ಒಳ್ಳೇ ಮಂದೀನೂ ಅದಾರ. ಬ್ರೆಡ್ ತಂದುಕೊಟ್ರು. ಆದ್ರ ಒಳ್ಳೇವ್ರು ಯಾರು, ಕೆಟ್ಟವ್ರು ಯಾರು ಹೇಳಾಕ ಬರಂಗಿಲ್ಲ. ಎಲ್ಲಾರೂ ಒಂದ ನಮೂನಿ ಬಂದು ಬಾಗಿಲಾ ಬಡೀತಾರ."

ಇಂಡಿಯಾದ ಹಡಗು ಬರುತ್ತದಂತೆ. ಆದರೆ ಪಾಸ್‌ಪೋರ್ಟ್ ಕಂಪನಿಯ ಆಫೀಸಿನಲ್ಲಿ, ಊರೊಳಗೆ. ಮ್ಯಾನೇಜರ್ ಓಡಿಹೋಗಿದ್ದಾನೆ. ದಾರಿ ಸ್ವಲ್ಪ ತಣ್ಣಗಾದ ಮೇಲೆ ತಾವೇ ಹೋಗಿ ಎಲ್ಲರದ್ದೂ ತರುತ್ತಾರಂತೆ.

"ನೀವ ಯಾಕ ಹೋಗ್ಬೇಕು? ಬ್ಯಾರೆ ಯಾರಿಲ್ಲೇನು?"

"ಇವ್ರನ್ನ ನಿಲ್ಲಿಸ್ದಾಂವ ನಾ ಅಲ್ಲೇನು?"

"ನಾ" ಅಂದರು. "ನೀ" ಅನ್ನಲಿಲ್ಲ.

ಗದ್ವಾಲ
ಮಾರ್ಚ್ 2

ಮೂರು ದಿನ ಬರೆಯಲಿಲ್ಲ. ವಿನಯನಿಗೆ ಜ್ವರ. ನಿನ್ನೆ ರೈಲ್ ರೋಕೋ. ಇಂದು ಬೆಳಿಗ್ಗೆ ಮಗುವಿನ ಮೈ ತಣ್ಣಗಾಗಿತ್ತು, ಎತ್ತಿಕೊಂಡು ಹೊರಟುಬಿಟ್ಟೆ. ಮಕ್ತಲ್‌ವರೆಗೆ ಬಸ್ಸು, ಅಲ್ಲಿಂದ ಜೀಪು. ಅತ್ತೆ ಬೇಡ ಅನ್ನಲಿಲ್ಲ. ಬುತ್ತಿ ಕಟ್ಟಿಕೊಟ್ಟರು. ಅವರಿಗೂ ಈಗ ಆ ಓಡುವ ಸಾಲು ಓದಲು ಬರುತ್ತದೆ.

ಇವರನ್ನೆಲ್ಲ ಕಳಿಸಿದ ಏಜೆಂಟ್ ಆಂಜನೇಯುಲು ಅಂಗಡಿ ಮುಂದೆ ಧರಣಿಯ ಚಾಪೆ ಹಾಸಿಕೊಂಡು ಕೂತಿದ್ದ. ಹೆಗಲ ಮೇಲೆ ತೆಲಂಗಾಣ ಪಕ್ಷದ ಗುಲಾಬಿ ಶಾಲು.

"ಅಮ್ಮಾ, ನಾ ಕಳಸಾಂವ ಅಷ್ಟ. ತರಾಂವ ಸರ್ಕಾರ."

"ಸರ್ಕಾರದ ಆಫೀಸಿಗೆ ಹೋದ್ರ ಬೀಗ ಐತಿ."

"ಮತ್ತ? ನಮ್ಮ ಸರ್ಕಾರ ಬೀಳ್ಲಿ ಅಂತ ನಾವು ಬಿಸಿಲಾಗ ಕುಂತೀವಿ. ಅವ್ರದು ಬಿದ್ದೇಬಿಟ್ಟೈತಿ, ನಿಮಗ ಅಳು!" ಸುತ್ತಲಿನವರು ನಕ್ಕರು. ಅವನೂ ನಕ್ಕ. ನನ್ನ ಮುಖ ನೋಡಿ ಶಾಲಿನಿಂದ ಬಾಯಿ ಒರೆಸಿಕೊಂಡ. "ಕುಂದ್ರಮ್ಮಾ. ನೀರು ಕುಡಿ. ನಾನೂ ಅವ್ರ ಕಂಪನಿಗೆ ಮೂರು ದಿನದಿಂದ ಫೋನ್ ಹಚ್ಚಾಕತ್ತೀನಿ. ಆಣಿ ಮಾಡಿ ಹೇಳ್ತೀನಿ, ಯಾರೂ ಎತ್ತವಲ್ರು."

ಅಲ್ಲೇ ಮೂಲೆಯಲ್ಲಿ ಒಬ್ಬಳು ಎದ್ದು ನಿಂತಳು. "ಭುವನಕ್ಕ ಅಲ್ಲಾ ನೀನು?" ದನಿಯಿಂದಲೇ ಗೊತ್ತಾಯಿತು, ಉರುಕುಂದಮ್ಮ. ನನಗಿಂತ ಚಿಕ್ಕವಳು. ಬಯ್ಯುತ್ತಾಳೆ ಅಂದುಕೊಂಡೆ. ಕೈ ಚಾಚಿ ವಿನಯನನ್ನು ತಗೊಂಡಳು. "ಅಯ್ಯ, ಅಣ್ಣಂದ ಮೂಗು," ಅಂದಳು. ಇವರನ್ನು ಫೋಟೋದಲ್ಲಿ ನೋಡಿದ್ದಾಳೆ.

ಮರಳಿ ಹೋಗಲು ಗಾಡಿಯಿಲ್ಲ. ಗಟ್ಟುವಿಗೆ ಬಾ ಅಂದಳು. ಕುರುಮಯ್ಯನಿಗೆ ಬಾಯಿಪಾಠ ಇರುವುದು ಅವಳ ನಂಬರ್ ಒಂದೇ ಅಂತೆ, ಫೋನ್ ಬಂದರೆ ಅದಕ್ಕೇ ಬರುತ್ತದೆ.

ಗಟ್ಟು
ಮಾರ್ಚ್ 3, ಮಧ್ಯಾಹ್ನ 12

ಹನ್ನೊಂದಕ್ಕೆ ಬಂತು. ಉರುಕುಂದಮ್ಮ ಎರಡು ಮಾತಾಡಿದಳು. ಮುಖ ಅರಳಿತು, ಹಾಗೇ ಬಾಡಿತು. ಫೋನ್ ನನ್ನ ಕೈಗೆ ಕೊಟ್ಟಳು. "ನಿನ್ನ ಕೇಳ್ತಾನ."

ಕುರುಮಯ್ಯನ ದನಿ ಮೊದಲ ಸಲ ಕೇಳಿದ್ದು. ಹಿಂದೆ ಲಾರಿಯ ಗುಡುಗುಡು.

"ಅಕ್ಕಾ, ಲಾರಿ ಬಂದೈತಿ. ಹಡಗದ ತನ ಬಿಡ್ತಾರಂತ. ನಮ್ಮ ಎಂಬಸಿಯವ್ರು ಬಂದಾರ, ಪಾಸ್‌ಪೋರ್ಟ್ ಇಲ್ಲಂದ್ರೂ ಹತ್ತಿಸ್ಕೊಂತಾರಂತ. ಅದು ಗೊತ್ತಾಗಾಕ ಮುಂಚೇನ ಅಣ್ಣ ಊರಾಗ ಹೋಗಿಬಿಟ್ಟ. ನಿನ್ನೆ ಮುಂಜಾನೆ. ಇನ್ನಾ ಬಂದಿಲ್ಲ. ನಾ ಬರೂತನ ಇರ್ರಿ ಅಂದಾನ. ಲಾರಿಯಾಂವ ನಿಂದ್ರಂಗಿಲ್ಲ ಅಂತಾನ. ಮತ್ತೊಂದು ಬರತೈತೋ ಇಲ್ಲೋ..."

"ಹೂಂ."

"ನೀ ಹೇಳಕ್ಕಾ. ನೀ ಇರ್ರಿ ಅಂದ್ರ ಇರತೀವಿ. ಎಲ್ಲಾರೂ ಇಲ್ಲೇ ನಿಂತು ಕೇಳಾಕತ್ಯಾರ."

ಉರುಕುಂದಮ್ಮ "ಹೊರಡಲಿ" ಅನ್ನಬಹುದಿತ್ತು, ಅವಳ ಗಂಡ. ವಿನಯ ಅವಳ ಕರಿಮಣಿ ಹಿಡಿದು ಜಗ್ಗುತ್ತಿದ್ದ. ನನ್ನ ಕಡೆ ನೋಡದೆ ಅವನ ಬೆರಳು ಒಂದೊಂದೇ ಬಿಡಿಸುತ್ತಿದ್ದಳು. ಅವನು ಮತ್ತೆ ಹಿಡಿಯುತ್ತಿದ್ದ. ಮತ್ತೆ ಬಿಡಿಸುತ್ತಿದ್ದಳು.

"ಹೋಗ್ರಿ," ಅಂದೆ.

"ಅಕ್ಕಾ—"

"ಹೋಗ್ರಿ ಜಲ್ದಿ. ಬಾಗಿಲ ಮ್ಯಾಲ ಬರದು ಹೋಗ್ರಿ, ಎಲ್ಲಿ ಹೋದ್ರಿ ಅಂತ. ಇದ್ದಲಿ ತಗೊಂಡು ಬರೀರಿ. ದೊಡ್ಡದಾಗಿ."

ಅತ್ತ ಗುಸುಗುಸು. ಯಾರೋ ತೆಲುಗಿನಲ್ಲಿ ಏನೋ ಅಂದರು. ಆಮೇಲೆ ಕುರುಮಯ್ಯ, ಮೆಲ್ಲಗೆ — "ನಮ್ಮಾಗ ಬರಿಯಾಕ ಬರಾಂವ ಅಣ್ಣ ಒಬ್ಬನ ಅಕ್ಕಾ."

ಲೈನ್ ಕಟ್ಟಾಯಿತು.

ಉರುಕುಂದಮ್ಮ ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ದಾಳೆ. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾಳೆ, ಹೊಗೆ ಇಲ್ಲದಾಗಲೂ. ನಾನು ಆ ನಂಬರಿಗೆ ಮತ್ತೆ ಮತ್ತೆ ಮಾಡುತ್ತಿದ್ದೇನೆ. ಅದೇ ಹೆಂಗಸು, ಅದೇ ಅರಬ್ಬಿ.

ಅಲ್ಲಿ ಈಗ ಬೆಳಿಗ್ಗೆ. ಇವರು ಎಂಟು ಪಾಸ್‌ಪೋರ್ಟ್ ಅಂಗಿಯೊಳಗೆ ಇಟ್ಟುಕೊಂಡು, ಗೇಟು ದಾಟಿ ಒಳಗೆ ಬಂದು, ಕುರುಮಯ್ಯಾ ಅಂತ ಕೂಗಿದರೆ, ಏನೂ ಬರೆಯದ ಆ ಬಾಗಿಲು —