ಹದಿನೈದು ನಿಮಿಷ ಬರೆದವರಿಗೆ

ಶಹಾಬಾದ್
ಫೆಬ್ರವರಿ ೩೦, ೨೨೧೪

ಮಾನ್ಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳು ಉದ್ದವಾಗಿರುವುದು ಯಾರಿಗೂ ಬೇಡವಾಗಿದ್ದರಿಂದ ಅದರ ಎರಡು ದಿನಗಳನ್ನು ಕಿತ್ತು ಇತ್ತ ಸೇರಿಸಿದ್ದಾರೆ. ಬಿಸಿಲೇನೂ ಇದರಿಂದ ಕಡಿಮೆಯಾಗಿಲ್ಲ, ಜನಕ್ಕೆ ಒಂದಿಷ್ಟು ಸಮಾಧಾನವಾಗಿದೆ. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು; ಅದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಗಂಡೋ ಹೆಣ್ಣೋ, ನಿಯಮ ಬರೆದ ದಿನ ಹೊಟ್ಟೆತುಂಬ ಉಂಡಿದ್ದಿರೋ ಇಲ್ಲವೋ, ಒಂದೂ ತಿಳಿಯದು. ಸುಮಾರು ಎರಡು ಶತಮಾನದ ಹಿಂದೆ ಯಾವುದೋ ಸಂಸ್ಥೆಯ ಕಂಪ್ಯೂಟರುಗಳೆಲ್ಲ ಒಂದೇ ರೀತಿ ನಡೆಯಬೇಕೆಂದು ನಿಯಮಾವಳಿ ಮಾಡುವಾಗ, "ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಬೀಗ ಬೀಳತಕ್ಕದ್ದು" ಎಂಬ ಸಾಲು ಸೇರಿಸಿದವರು ನೀವು ಎಂಬುದಷ್ಟೇ ಗೊತ್ತು. ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಹದಿನೈದೇ ಯಾಕೆ? ಅದಕ್ಕಿಂತ ಮೊದಲು, ಬೀಗವೇ ಯಾಕೆ?

ನಾನು ತಂಪುಮನೆ ಮಂಡಳಿಯ ಪಾಠಪರೀಕ್ಷಕಿ. ನಮ್ಮ ಭಾಗದಲ್ಲಿ ಹಿಂದೆ ಹಾಸುಗಲ್ಲು ತೆಗೆಯುತ್ತಿದ್ದ ಖಣಿಗಳಿಗೆ ಚಾವಣಿ ಹಾಕಿ ತಂಪುಮನೆಗಳನ್ನು ಮಾಡಿದ್ದಾರೆ. ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಹೊತ್ತು ಮುಳುಗುವವರೆಗೆ ಊರಿಗೆ ಊರೇ ಅಲ್ಲಿರುತ್ತದೆ. ಒಂದು ಮೂಲೆಯಲ್ಲಿ ಶಾಲೆ, ಇನ್ನೊಂದರಲ್ಲಿ ಸಂತೆ, ನಡುವೆ ರೊಟ್ಟಿ ಬಡಿಯುವ ಸದ್ದು. ಮದುವೆಯ ಮಾತುಕತೆ, ಅತ್ತೆ ಸೊಸೆಯರ ಜಗಳ ಎಲ್ಲವೂ ಎಲ್ಲರ ಕಿವಿಗೆ ಬೀಳುವುದರಿಂದ ನಮ್ಮಲ್ಲಿ ಗುಟ್ಟು ಎಂಬುದು ಉಳಿದೇ ಇಲ್ಲ. ಪ್ರತಿ ತಂಪುಮನೆಗೂ ಗಾಳಿ ಬಿಡುವ ಒಂದು ಕಂಪ್ಯೂಟರ್ ಇದೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದೊಂದು ಮನೆಯ ಯಂತ್ರ ಒಂದೊಂದು ತರಹ ನಡೆಯುತ್ತಿತ್ತಂತೆ. ಒಂದು ಮಧ್ಯಾಹ್ನ ಒಂದು ಯಂತ್ರಕ್ಕೆಂದು ಮಾಡಿದ ದುರಸ್ತಿಯಿಂದ ಬೇರೆ ನಾಲ್ಕು ನಿಂತು, ಬಹಳ ಜನ ಸತ್ತರು. ಅಂದಿನಿಂದ ಎಲ್ಲಕ್ಕೂ ಒಂದೇ ನಿಯಮಾವಳಿ. ಹೊಸದನ್ನು ಬರೆಯಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಇಡಿಯಾಗಿ ಸಿಕ್ಕಿದ್ದು ನಿಮ್ಮದು, ಅದನ್ನೇ ತಂದಿಟ್ಟುಕೊಂಡರು. ಅದಕ್ಕೆ ನಾವು ಮೂಲಪಾಠ ಎನ್ನುತ್ತೇವೆ. ಯಾವುದಾದರೂ ಯಂತ್ರ ಅದರಿಂದ ಒಂದಕ್ಷರ ಬೇರೆಯಾಗಿದ್ದರೆ ಅದು ಪಾಠಾಂತರ. ತಿದ್ದಿದರೂ ತಿದ್ದಿಕೊಳ್ಳದ ಯಂತ್ರವನ್ನು ಬೇಸಿಗೆ ಶುರುವಾಗುವ ಮಾರ್ಚ್ ಒಂದರಂದು ಜಾಲದಿಂದ ಕಡಿದುಹಾಕುತ್ತಾರೆ. ಇದಕ್ಕೆ ನಮ್ಮ ಮಾತು ಪಂಕ್ತಿಯಿಂದ ಎಬ್ಬಿಸುವುದು. ಎಬ್ಬಿಸಿದ ಮನೆಗೆ ಗಾಳಿಯಿಲ್ಲ.

ನಿಮ್ಮ ಹದಿನೈದು ನಿಮಿಷ ನಮ್ಮಲ್ಲಿ ಏನಾಗಿದೆಯೆಂದು ತಿಳಿದರೆ ನೀವು ಬೆರಗಾಗುತ್ತೀರಿ. ಪ್ರತಿ ತಂಪುಮನೆಯ ಗೋಡೆಯಲ್ಲಿ ಒಂದು ನುಣುಪಾದ ಅಂಗೈಕಲ್ಲು ಇದೆ. ಹದಿನೈದು ನಿಮಿಷದೊಳಗೆ ಯಾರಾದರೂ ಅದರ ಮೇಲೆ ಕೈಯಿಡದಿದ್ದರೆ, ಒಳಗೆ ಜನವಿಲ್ಲವೆಂದು ಬಗೆದು ಯಂತ್ರ ಗಾಳಿಗೆ ಬೀಗ ಹಾಕುತ್ತದೆ. ಹೀಗೆ ಸರದಿಯಂತೆ ಎದ್ದು ಕೈಯಿಡುವುದೇ ಅಂಗೈಪಾಳಿ. ಹೊಸ ಸೊಸೆ ಮೊದಲ ದಿನ ಹೊಸ್ತಿಲು ದಾಟಿದ ಮೇಲೆ ಮಾಡುವ ಮೊದಲ ಕೆಲಸ ಇದೇ. ಪಾಳಿಯಲ್ಲಿ ಗೊರಕೆ ಹೊಡೆದವನಿಗೆ ಆ ಹೆಸರು ಮೊಮ್ಮಕ್ಕಳ ಕಾಲಕ್ಕೂ ತಪ್ಪದು. ಒಬ್ಬರ ಮೇಲೊಬ್ಬರಿಗೆ ನಿಗಾ ಇರಲೆಂದು ಹಿರಿಯರು ಯೋಚಿಸಿ ಮಾಡಿದ ಏರ್ಪಾಡು ಇದೆಂದು ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ನಾನೂ ಹಾಗೇ ನಂಬಿದ್ದೆ.

ನಂಬಿಕೆ ಅಲುಗಿದ್ದು ವಾಡಿಯ ಹತ್ತಿರದ ಒಂದು ಸಣ್ಣ ತಂಪುಮನೆಯಿಂದ. ಅಲ್ಲಿನ ಯಂತ್ರದಲ್ಲಿ ಹದಿನೈದರ ಜಾಗದಲ್ಲಿ ಸೊನ್ನೆ ಇತ್ತು. ಅಂದರೆ ಬೀಗವೇ ಇಲ್ಲ. ಮಂಡಳಿಯ ದೊಡ್ಡ ಯಂತ್ರ ಅದನ್ನು ರಾತ್ರಿ ತಿದ್ದುತ್ತದೆ, ಬೆಳಗಾದರೆ ಮತ್ತೆ ಸೊನ್ನೆ. ಯಾರ ಕಿತಾಪತಿ ನೋಡೋಣವೆಂದು ಹೋದೆ. ಅದು ಹಾಸಿಗೆ ಹಿಡಿದವರ ಮನೆ. ಹನ್ನೊಂದು ಜನ, ಒಬ್ಬರೂ ಎದ್ದು ನಡೆಯುವವರಲ್ಲ. ನೋಡಿಕೊಳ್ಳುವವರು ಖಾಜಾಬಿ ಒಬ್ಬರೇ. ವರ್ಷಗಟ್ಟಲೆ ಎಲ್ಲರ ಪಾಳಿಯನ್ನೂ ಅವರೇ ಮಾಡಿದ್ದಾರೆ. ಈಗ ಅವರ ಮೊಣಕಾಲು ಮಡಚುವುದಿಲ್ಲ. ಒಂದು ಸಹಾಯದ ಆಳು ಕೊಡಿ ಎಂದು ಕೇಳಿದರೆ, ಪಾಳಿ ಆಯಾ ಮನೆಯವರದೇ ಎಂದು ಮಂಡಳಿ ಉತ್ತರ ಬರೆದಿದೆ. ಸೊನ್ನೆ ಒತ್ತಿದ್ದು ತಾನೇ ಎಂದು ಖಾಜಾಬಿ ನಾನು ಕೇಳುವ ಮೊದಲೇ ಹೇಳಿದರು, ನಾಳೆಯೂ ಒತ್ತುತ್ತೇನೆ ಎಂದೂ ಸೇರಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಬಾಗಿಲ ಬಳಿಯ ಮಂಚದಲ್ಲಿ ಸಿದ್ರಾಮಪ್ಪ ಎಂಬವರಿದ್ದರು. ಹರೆಯದಲ್ಲಿ ದೊಡ್ಡಾಟದಲ್ಲಿ ಭೀಮನ ಪಾತ್ರ ಕಟ್ಟಿ ಹಲಗೆ ಮುರಿಯುವಂತೆ ಕುಣಿದವರು; ಈಗ ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡುವುದಿಲ್ಲ, ನಾಲಿಗೆ ಮಾತ್ರ ಚುರುಕಾಗಿದೆ. ನಾನು ಅಂಗೈಪಾಳಿಯ ಹಿರಿಮೆಯನ್ನು ವಿವರಿಸುತ್ತಿರುವಾಗ ಅವರು ನಡುವೆ ಬಾಯಿ ಹಾಕಿದರು.

"ಎದ್ದು ಹೋಗವರಿಗಿ ಮಾಡಿದ ಕಾಯ್ದೆ ಇರ್ಬೇಕ್ರಿ ಅಕ್ಕಾರ ಇದು. ನಾ ಎದ್ದು ಹೋಗಂಗಿದ್ರ ನಿಮ್ಮ ಮಶೀನಿಗಿ ಹೇಳೇ ಹೋಗ್ತಿದ್ದೆ ಬಿಡ್ರಿ."

ಮಂಚಗಳ ಮೇಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ನಿಮ್ಮ ಕಾಲದ ಕಚೇರಿಗಳ ಚಿತ್ರಗಳನ್ನು ಹುಡುಕಿ ನೋಡಿದೆ. ಸಾಲು ಸಾಲು ಮೇಜು, ಪ್ರತಿ ಮೇಜಿಗೊಂದು ಪರದೆ, ಒಂದೆರಡು ಕುರ್ಚಿ ಖಾಲಿ. ಕುರ್ಚಿಯವರು ಎಲ್ಲಿಗೆ ಹೋಗಿದ್ದರು? ಚಹಾಕ್ಕೆ ಹೋಗಿರಬೇಕು ಎಂದು ನನ್ನ ಊಹೆ. ಆಗ ಪಕ್ಕದವರು ಬಂದು ಪರದೆಯಲ್ಲಿ ಇಣುಕಬಾರದೆಂದು ನೀವು ಬೀಗ ಹಾಕಿಸಿದಿರೇ? ಒಂದು ಚಹಾ, ಜೊತೆಗೆ ಮೇಲಧಿಕಾರಿಯ ಮೇಲೆ ನಾಲ್ಕು ದೂರು, ಎಲ್ಲ ಸೇರಿ ಹದಿನೈದು ನಿಮಿಷವೇ? ಹಾಗಿದ್ದರೆ ನಮ್ಮ ಸೊಸೆಯಂದಿರು ಮುತ್ತಜ್ಜಿಯ ಕಾಲದಿಂದ ಕಲ್ಲಿಗೆ ಕೈಯಿಡುತ್ತಿರುವುದು ನಿಮ್ಮ ಚಹಾದ ಲೆಕ್ಕಕ್ಕೆ. ನನಗೆ ಸಿಟ್ಟು ಬಂದದ್ದು ಆಗ, ನಿಮ್ಮ ಮೇಲೆ. ನಿಯಮ ಬರೆದಿರಿ, ಸಂಖ್ಯೆ ಬರೆದಿರಿ, ಯಾತಕ್ಕೆ ಎಂಬ ಒಂದು ಸಾಲು ಬರೆಯಲು ಏನು ಕಷ್ಟವಿತ್ತು?

ಊಹೆಯನ್ನು ಮಂಡಳಿಯ ಮುಂದಿಟ್ಟೆ. ಎದ್ದು ಹೋಗಲಾರದವರ ಮನೆಗೆ ಈ ನಿಯಮ ಬೇಡವೆಂದು ವಾದಿಸಿದೆ. ನಿಯಮದ ಕಾರಣ ಖಚಿತವಾಗಿ ತಿಳಿಯದೆ ಪಾಠಾಂತರ ಒಪ್ಪುವಂತಿಲ್ಲ ಎಂದರು. ಅವರನ್ನೂ ದೂರಲಾರೆ, ಆ ಮಧ್ಯಾಹ್ನ ಸತ್ತವರ ಮೊಮ್ಮಕ್ಕಳು ಅವರಲ್ಲಿಯೂ ಇದ್ದಾರೆ. ಆದರೆ ನಾಳೆ ಮಾರ್ಚ್ ಒಂದು. ನಾಳೆ ಎಬ್ಬಿಸಿದರೆ ವಾಡಿಯ ಆ ಕೋಣೆ ನಡುಮಧ್ಯಾಹ್ನದ ಹೊತ್ತಿಗೆ ರೊಟ್ಟಿಯ ಹಂಚಾಗುತ್ತದೆ.

ನಮ್ಮ ಕಟ್ಟಳೆಯಲ್ಲಿ ಒಂದು ಮಾತಿದೆ. ಒಂದು ನಿಯಮದ ಕಾರಣವನ್ನು ಅದನ್ನು ಬರೆದವರಿಗೇ ಪತ್ರ ಬರೆದು ಕೇಳಿದ್ದರೆ, ಅವರ ಉತ್ತರ ಬರುವವರೆಗೆ ಆ ಪಾಠಾಂತರವನ್ನು ತಿದ್ದುವಂತಿಲ್ಲ, ಯಂತ್ರವನ್ನು ಪಂಕ್ತಿಯಿಂದ ಎಬ್ಬಿಸುವಂತಿಲ್ಲ. ಬರೆದವರು ಬದುಕಿರಬೇಕೆಂದು ಎಲ್ಲೂ ಹೇಳಿಲ್ಲ. ಕೇಳುವ ಮಾತನ್ನು ಈ ಪತ್ರದ ಆರಂಭದಲ್ಲೇ ಕೇಳಿಯಾಗಿದೆ. ಇಲ್ಲಿಯವರೆಗಿನ ಕರಡನ್ನು ನನ್ನ ಮೇಲಧಿಕಾರಿ ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಮುದ್ರೆ ಒತ್ತಿದರು. ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮ್ಮಲ್ಲಿಯೂ ಇಲ್ಲ. ಆದರೆ ರವಾನೆ ವಿಭಾಗ ಪತ್ರವನ್ನು ಪಡೆದುಕೊಂಡರೆ ಅದು ಹೋಯಿತೆಂದೇ ಅರ್ಥ.

ಆದ್ದರಿಂದ ಮಾನ್ಯರೇ, ಹೇಗೋ ಇದು ನಿಮ್ಮ ಕೈ ಸೇರಿದರೆ, ಇನ್ನು ಮುಂದೆ ಬರೆಯುವ ಒಂದೊಂದು ನಿಯಮದ ಪಕ್ಕದಲ್ಲೂ ಯಾತಕ್ಕೆ ಎಂದು ಬರೆಯಿರಿ. ಹದಿನೈದರ ಕಾರಣವನ್ನು ನೆನಪು ಮಾಡಿಕೊಳ್ಳಿ, ಬೇಕಿದ್ದರೆ ಚಹಾ ಕುಡಿಯುತ್ತ ಪಕ್ಕದವರಿಗೆ ಹೇಳಿ. ಅದನ್ನು ತಿಳಿಯುವ ಆಸೆ ನನಗೆ ಸಾಯುವವರೆಗೂ ಇರುತ್ತದೆ. ಆದರೆ ಕೈಮುಗಿದು ಕೇಳುತ್ತೇನೆ, ನನಗೆ ಮಾತ್ರ ಉತ್ತರ ಬರೆಯಬೇಡಿ. ಒಳಗೆ ಹನ್ನೊಂದು ಜನ ಮಲಗಿದ್ದಾರೆ.

ನಾಗಲಾಂಬಿಕೆ ಮಳಖೇಡ
ಪಾಠಪರೀಕ್ಷಕಿ