ಮಡಿಯಡುಗೆಯ ಕಾರು

ಪುರಸೈವಾಕ್ಕಂ,
ಸೋಮವಾರ

ಚಿ. ಸುಶಮೀಂದ್ರನಿಗೆ ಕೌಸಲ್ಯಾ ಅತ್ತೆಯ ಆಶೀರ್ವಾದ.

ನೀನು ಕಳಿಸಿದ ಇನ್ಶೂರೆನ್ಸ್ ಕಾಗದವನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ. ನಮ್ಮ ಗುರುಚರಣ ಅಂದು ಕಾರಿನಲ್ಲಿ ಮಠಕ್ಕೆ ಹೊರಟಿದ್ದನೆಂದು ಬರೆದುಕೊಟ್ಟರೆ ಹಣ ಬರುತ್ತದೆ ಎಂದೆ ನೀನು. ಅವನು ಹೊರಟಿದ್ದು ಗಿಂಡಿ ಬಡಾವಣೆಯ ಗಿರಾಕಿಯೊಬ್ಬರ ಮನೆಗೆ, ನಾನು ಮಾಡಿದ ಶ್ರಾದ್ಧದ ಅಡುಗೆ ತಲುಪಿಸಲು. ಎಗ್ಮೋರ್ ಬಳಿ ಲಾರಿ ಗುದ್ದಿದ ಮೇಲೂ ಪೊಲೀಸರಿಗೆ, "ಡೆಲಿವರಿ ಸಾರ್, ಲೇಟಾಯಿಡುಚ್ಚು" ಎಂದನಂತೆ. ಮಗನ ಕಡೆಯ ಮಾತನ್ನು ನಾನು ಸುಳ್ಳು ಮಾಡಲಾರೆ.

ಮಡಿಯಡುಗೆಯನ್ನು ಹೊರಗಿನವರ ಕೈಯಲ್ಲಿ ಕಳಿಸಬಾರದೆಂದು ಹಟ ಹಿಡಿದವಳು ನಾನೇ. ಅವನಿಗಿನ್ನೂ ಹತ್ತೊಂಬತ್ತು, ಲೈಸೆನ್ಸ್ ಬಂದು ವರ್ಷವೂ ಆಗಿರಲಿಲ್ಲ. "ಅಮ್ಮಾ, ಇದು ಬಿಸಿನೆಸ್ಸು. ಮನೆ ಕಾರಿನ ಪಾಲಿಸಿ ಇದಕ್ಕೆ ನಡೆಯಲ್ಲ, ಚೇಂಜ್ ಮಾಡಿಸ್ಬೇಕು" ಎಂದು ಎರಡು ಸಲ ಹೇಳಿದ. "ಪಿತೃಗಳ ಅಡಿಗೆ ವ್ಯಾಪಾರವೇನೋ?" ಎಂದು ಗದರಿದೆ.

ಒಂದೇ ಒಂದು ಉಪಕಾರ ಮಾಡು. ಗ್ಯಾರೇಜಿನಲ್ಲಿರುವ ಕಾರಿನ ಡಿಕ್ಕಿಯಿಂದ ನನ್ನ ಹಿತ್ತಾಳೆ ಪಾತ್ರೆಗಳನ್ನು ತಂದುಕೊಡು. ನೆಗ್ಗಿದ್ದರೂ ಚಿಂತೆಯಿಲ್ಲ. ಗುರುವಾರ ಅವನ ಮೊದಲ ಮಾಸಿಕ ಶ್ರಾದ್ಧ. ಈ ಸಲ ಅಡುಗೆಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ.

ನಿನ್ನ ಅತ್ತೆ,
ಕೌಸಲ್ಯಾ